ಎಣ್ಣೆ ಬಿಡಿ

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಎಣ್ಣೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದವರು ಈ ಹೆಸರು ಕೇಳಿ, ಅವನು ಪಕ್ಕದಲ್ಲಿ ಹಾದುಹೋಗುವಾಗ ಮೂಗರಳಿಸಿ ನೋಡುವುದಿತ್ತು. ಪಾಪ, ಅವನು ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಹೆಸರು ಬಂದದ್ದು ಅವನ ಮಾತಿನಿಂದ. ಸಾಲುಸಾಲಾಗಿ ನಿಂತ ಹೊಲಿಗೆ ಯಂತ್ರಗಳಲ್ಲಿ ಒಂದು ಕಿರುಗುಟ್ಟಲಿ, ಇನ್ನೊಂದು ದಾರ ಕಡಿಯಲಿ, ಮತ್ತೊಂದು ಹೊಲಿಗೆ ತಪ್ಪಿಸಲಿ, ಕೂತವರು ಕೈಯೆತ್ತಿ ಕರೆದರೆ ಅವನು ದೂರದಿಂದಲೇ ಹೇಳುತ್ತಿದ್ದುದು ಒಂದೇ ಮಾತು. "ಮೊದಲು ಎಣ್ಣೆ ಬಿಡಿ. ಆಮೇಲೆ ನೋಡೋಣ." ಮುಕ್ಕಾಲು ಪಾಲು ಸಲ ಆಮೇಲೆ ನೋಡುವ ಪ್ರಸಂಗವೇ ಬರುತ್ತಿರಲಿಲ್ಲ. ಎಣ್ಣೆ ಇಳಿದ ಯಂತ್ರ ಸದ್ದಡಗಿಸಿಕೊಂಡು ಓಡುತ್ತಿತ್ತು, ಮೇಸ್ತ್ರಿ ಎಣ್ಣೆಡಬ್ಬಿಯ ಮೂತಿ ಒರೆಸಿ ಜೇಬಿಗೆ ಸೇರಿಸುತ್ತಿದ್ದ.

ಮನೆಯಲ್ಲೂ ಅವನ ಬಾಯಲ್ಲಿ ಅದೇ ಮಾತು, ಆದರೆ ಎಣ್ಣೆಯಿಲ್ಲದ್ದು. ಹೆಂಡತಿ ಏನೇ ಹೇಳಲು ಬಂದರೂ "ಬಿಡು" ಎನ್ನುತ್ತಿದ್ದ. ಅವಳ ಕೆಲಸ ಫೋನಿನಲ್ಲಿ. ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ಕಂಪನಿಯೊಂದರಲ್ಲಿ ಕೂತು ದಿನವಿಡೀ ಗಿರಾಕಿಗಳ ದೂರು ಕೇಳಬೇಕು. ಬಾಯಿಗೆ ಬಂದಂತೆ ಬೈದವರಿಗೂ "ತೊಂದರೆಗೆ ಕ್ಷಮಿಸಿ, ದಯವಿಟ್ಟು ಮೊದಲಿಂದ ಹೇಳಿ" ಎನ್ನಬೇಕು. ಹಾಗೆ ಕಂಡವರ ಬೈಗುಳವನ್ನೆಲ್ಲ ಹೊತ್ತು ಮನೆಗೆ ಬಂದು, ಇವತ್ತೊಬ್ಬ ಏನಂದ ಗೊತ್ತಾ ಎಂದು ಶುರು ಮಾಡಿದರೆ, ಗಂಡ "ಬಿಡು, ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ" ಎನ್ನುತ್ತಿದ್ದ. ಅವನ ಲೆಕ್ಕದಲ್ಲಿ ಅದು ಸಮಾಧಾನ. ಅವಳ ಕಿವಿಗೆ ಅದು ಬಾಗಿಲು ಹಾಕಿದ ಸದ್ದು. ಕೊನೆಗೆ ಅವಳು ಹೇಳುವುದನ್ನೇ ನಿಲ್ಲಿಸಿದಳು. ಮಗಳು ಮದುವೆಯಾಗಿ ಹೋದ ಮೇಲೆ ಆ ಮನೆಯಲ್ಲಿ ಉಳಿದದ್ದು ಗ್ಯಾಸು ಮುಗೀತಾ, ಬೀಗದ ಕೈ ಎಲ್ಲಿ, ಲೈಟು ಆರಿಸಿದ್ರಾ, ಇಷ್ಟೇ. ಜಗಳವಂತೂ ಇರಲಿಲ್ಲ. ಜಗಳಕ್ಕಾದರೂ ಇಬ್ಬರು ಬಾಯಿ ಬಿಡಬೇಕಲ್ಲ.

ಹೀಗಿರುವಾಗ ಮೇಸ್ತ್ರಿಯ ಅಣ್ಣ ಸತ್ತ. ಬೂಟಿನ ದಾರ ಕಟ್ಟಲು ಬಗ್ಗಿದವನು ಮೇಲೇಳಲೇ ಇಲ್ಲ. ಒಂದು ಬೂಟು ಕಟ್ಟಿತ್ತು, ಇನ್ನೊಂದು ಹಾಗೇ ಇತ್ತು. ಸುದ್ದಿ ಕೇಳಿ ಮೊದಲು ಓಡಿಹೋದವನು ಮೇಸ್ತ್ರಿಯೇ. ಎಲ್ಲ ಮುಗಿಸಿ ಬಂದವನು ಅದರ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಅಂದಿನಿಂದ ದಾರದ ಬೂಟು ಮೂಲೆ ಸೇರಿತು, ಅವನು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋಗತೊಡಗಿದ. ಹೆಂಡತಿ ಅದನ್ನು ನೋಡಿದಳು, ಏನೂ ಅನ್ನಲಿಲ್ಲ. ಆಮೇಲೆ ಕಾರ್ಖಾನೆಯಲ್ಲಿ ಎಲ್ಲರ ರಕ್ತ ಪರೀಕ್ಷೆ ನಡೆದು, ಮೇಸ್ತ್ರಿಯ ರಕ್ತದಲ್ಲಿ ಕೊಬ್ಬು ಮಿತಿಮೀರಿದೆ, ವೈದ್ಯರನ್ನು ಕಾಣತಕ್ಕದ್ದು ಎಂಬ ಚೀಟಿ ಬಂತು. ಅವನು ಎಂದಿನಂತೆ "ಬಿಡು" ಅಂದ. ಈ ಸಲ ಅವಳು ಬಿಡಲಿಲ್ಲ.

ವೈದ್ಯರ ಹತ್ತಿರ ಹೋಗಲು ಅವನು ಸುತರಾಂ ಒಪ್ಪದಿದ್ದಾಗ, ಇಷ್ಟಾದರೂ ಮಾಡೋಣವೆಂದು ಅವಳು ಮೀನೆಣ್ಣೆಯ ಗುಳಿಗೆ ಹುಡುಕಲು ಹೊರಟಳು. ಹೃದಯಕ್ಕೆ ಒಳ್ಳೆಯದೆಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಔಷಧಿ ಅಂಗಡಿಯಲ್ಲಿ ಒಂದಿಡೀ ಗೋಡೆ ಬರೀ ಅದೇ. ಎಲ್ಲ ಡಬ್ಬಿಯ ಮೇಲೂ ಕೆಂಪು ಹೃದಯ, ನೆಗೆಯುವ ಮೀನು, ಸಾವಿರ ಎಂಬ ದಪ್ಪ ಅಂಕಿ. ಅವಳು ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ಬೆನ್ನ ಮೇಲಿನ ಇರುವೆಯಂಥ ಅಕ್ಷರ ಓದಿದಳು. ಸಾವಿರ ಮಿಲಿಗ್ರಾಂ ಎಂದರೆ ಒಟ್ಟು ಎಣ್ಣೆಯಂತೆ. ಅದರಲ್ಲಿ ನಿಜಕ್ಕೂ ಬೇಕಾದ ಒಮೇಗಾ ಮೂರು ಎಂಬ ಕೊಬ್ಬು ಒಂದರಲ್ಲಿ ಮುನ್ನೂರು, ಇನ್ನೊಂದರಲ್ಲಿ ಅದರ ದುಪ್ಪಟ್ಟು. ಮುಖದ ಮೇಲೊಂದು ಮಾತು, ಬೆನ್ನ ಹಿಂದೊಂದು ಮಾತು. ಇಂಥವರನ್ನು ದಿನಾ ಫೋನಿನಲ್ಲಿ ಕೇಳುವವಳಿಗೆ ಇದೇನು ಹೊಸದಲ್ಲ. ಡಬ್ಬಿಗಳ ಮೇಲಿದ್ದ ದೂರಿನ ನಂಬರುಗಳನ್ನು ಕೈಮೇಲೆ ಬರೆದುಕೊಂಡು, ಮರುದಿನ ಚಹಾದ ಬಿಡುವಿನಲ್ಲಿ ಒಂದೊಂದಕ್ಕೂ ಫೋನು ಮಾಡಿದಳು.

ಹಾಡು ಹಾಕಿ ಕಾಯಿಸಿದವರನ್ನು ಕೈಬಿಟ್ಟಳು. ಕೇಳಿದ್ದಕ್ಕೆಲ್ಲ "ಹೌದು ಮೇಡಂ, ಖಂಡಿತ ಮೇಡಂ" ಎಂದವರನ್ನೂ ಕೈಬಿಟ್ಟಳು. ಒಬ್ಬಳು ಮಾತ್ರ, ದನಿಯಲ್ಲೇ ದಣಿವು ಕೇಳುತ್ತಿದ್ದವಳು, "ನೋಡಿ ಮೇಡಂ, ಇದು ಔಷಧ ಅಲ್ಲ. ಇದರಿಂದ ವಾಸಿ ಆಗುತ್ತೆ ಅಂತ ನಾನು ಹೇಳಲ್ಲ. ಡಾಕ್ಟ್ರನ್ನ ಒಂದು ಮಾತು ಕೇಳಿ. ಕೊಡೋದಾದ್ರೆ ದಿನಕ್ಕೆ ಒಂದೇ ಕೊಡಿ, ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ ಮೇಲೆ ಕೊಡಿ. ಇಲ್ದಿದ್ರೆ ದಿನವೆಲ್ಲ ಮೀನು ತೇಗು" ಎಂದಳು. ಆ ದಣಿದ ದನಿಯವಳ ಡಬ್ಬಿಯನ್ನೇ ಇವಳು ಕೊಂಡಳು. ಮನೆಗೆ ತಂದು ಒಂದು ಗುಳಿಗೆಯನ್ನು ಕತ್ತರಿಯಲ್ಲಿ ಕೊಯ್ದು ಮೂಸಿ, ಕಮಟು ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಮದುವೆಗೆ ಗಂಡನನ್ನು ಆರಿಸುವಾಗಲೂ ಅವಳ ಕಡೆಯವರು ಇಷ್ಟು ವಿಚಾರಿಸಿರಲಿಲ್ಲ.

ಮರುದಿನ ಬೆಳಗ್ಗೆ ತಟ್ಟೆಯ ಮುಂದೆ ಕೂತ ಮೇಸ್ತ್ರಿಯ ಎದುರಿಗೆ ಒಂದು ಅಂಗೈ ಬಂತು. ಅಂಗೈ ನಡುವೆ ಹೊಂಬಣ್ಣದ ಗುಳಿಗೆ. ಅವನು ಬಿಡು ಎನ್ನಲು ಬಾಯಿ ತೆರೆದ. ತೆರೆದ ಬಾಯಿಗೆ ಅವಳು ಗುಳಿಗೆ ಹಾಕಿಯೇ ಬಿಟ್ಟಳು. ಅವಳ ಬೆರಳು ಅವನ ತುಟಿಗೆ ತಾಗಿತು. ಹಾಗೆ ತಾಗಿ ಅದೆಷ್ಟು ಕಾಲವಾಗಿತ್ತೋ, ಅವನಿಗೆ ನೆನಪಿರಲಿಲ್ಲ. ಅಂದು ಸಂಜೆಯವರೆಗೂ ಮೇಸ್ತ್ರಿಗೆ ತನಗೊಂದು ತುಟಿ ಇದೆ ಎಂಬುದು ಮತ್ತೆ ಮತ್ತೆ ನೆನಪಾಗುತ್ತಿತ್ತು.

ಆಮೇಲೆ ದಿನವೂ ಅದೇ ಅಂಗೈ. ಅವನು ಅದಕ್ಕಾಗಿ ಕಾಯತೊಡಗಿದ. ಅಂಗೈ ಬರುವಾಗ ಅವಳು ಒಂದೆರಡು ಮಾತನ್ನೂ ಸೇರಿಸಿ ತರುತ್ತಿದ್ದಳು: "ಬಿಸಿನೀರು ಕುಡೀರಿ", "ಮುಖ ಯಾಕೆ ಬಾಡಿದೆ". ಅವನು ಹೂಂ ಎನ್ನುತ್ತಿದ್ದ. ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೇಸ್ತ್ರಿ ಯಂತ್ರದವನು. ಹಗಲೂ ರಾತ್ರಿ ನಿಲ್ಲದೆ ಓಡುವ ಎದೆಗೆ, ಅದೂ ತನ್ನ ಅಣ್ಣನ ಮಾದರಿಯದೇ ಆದ ಎದೆಗೆ, ದಿನಕ್ಕೊಂದು ತೊಟ್ಟು ಎಣ್ಣೆ ಯಾವ ಮೂಲೆಗೆ ಎಂದು ಯೋಚಿಸಿದ. ಕಾರ್ಖಾನೆಯ ಗೇಟಿನ ಎದುರಿನ ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಡಬ್ಬಿ, ಎಲ್ಲಕ್ಕಿಂತ ದಪ್ಪ ಅಂಕಿ ಇದ್ದದ್ದನ್ನು ತಂದು, ಕೆಲಸದ ಮೇಜಿನ ಡ್ರಾಯರಿನಲ್ಲಿ ಸೂಜಿ ಪೊಟ್ಟಣಗಳ ಹಿಂದೆ ಇಟ್ಟ. ಹಿಂಬದಿಯನ್ನು ಅವನು ಓದಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಎರಡು ನುಂಗುತ್ತಿದ್ದ. ಸಾಲಿನ ಹುಡುಗಿಯರು ಅವನು ಬಗ್ಗಿ ಯಂತ್ರ ನೋಡುವಾಗ ಉಸಿರು ಬಿಗಿ ಹಿಡಿದು, ಅವನು ಹೋದ ಮೇಲೆ ಮುಸಿಮುಸಿ ನಕ್ಕು, ಸಮುದ್ರ ಬಂದು ಹೋಯಿತು ಎನ್ನುತ್ತಿದ್ದರು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ, ಕಾಲರು ಹೊಲಿಯುವ ಯಂತ್ರದ ತಳ ಬಿಚ್ಚಿ ಕೂತಿದ್ದಾಗ, ಅವನ ಎದೆ ಒಂದು ಬಡಿತ ಬಿಟ್ಟಿತು. ಆಮೇಲೆ ಎರಡು ಒಟ್ಟಿಗೆ ಬಂದವು. ಸ್ಕ್ರೂಡ್ರೈವರ್ ಹಿಡಿದ ಕೈ ಹಾಗೇ ನಿಂತಿತು. ಯಂತ್ರ ಹೀಗೆ ಮಾಡಿದರೆ ಅದಕ್ಕೆ ಅವನ ಕಸುಬಿನಲ್ಲಿ ಹೊಲಿಗೆ ತಪ್ಪುವುದು ಎಂದು ಹೆಸರು. ಸೂಜಿ ಇಳಿಯುತ್ತದೆ, ಏಳುತ್ತದೆ, ಬಟ್ಟೆಯ ಮೇಲೆ ಮಾತ್ರ ಹೊಲಿಗೆ ಬೀಳುವುದಿಲ್ಲ. ಅಂಥದ್ದನ್ನು ಅವನು ಸಾವಿರ ಸಲ ಸರಿಮಾಡಿದ್ದಾನೆ, ಆದರೆ ಯಂತ್ರದ ಒಳಗೆ ತಾನೇ ಕೂತು ಎಂದೂ ಅನುಭವಿಸಿರಲಿಲ್ಲ.

ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಸಾಲುಗಳ ನಡುವೆ ಸುಮ್ಮಸುಮ್ಮನೆ ಓಡಾಡುವನು, ಕೆಟ್ಟಿರದ ಯಂತ್ರಕ್ಕೂ ಕಿವಿಗೊಟ್ಟು ನಿಲ್ಲುವನು. ಮನೆಯಲ್ಲಿ ಕಿಟಕಿ ತೆಗೆಯುವನು, ಹಾಕುವನು. ಬಸ್ಸಿನಲ್ಲಿ ಸೀಟು ಸಿಕ್ಕರೂ ಎದ್ದು ಬಾಗಿಲ ಹತ್ತಿರ ಹೋಗಿ ಕಂಬಿ ಹಿಡಿದು ನಿಲ್ಲುವನು, ಬಿದ್ದರೆ ಜನ ಬೇಗ ನೋಡಲಿ ಎಂದು. ಬಗ್ಗುವುದಂತೂ ಅವನಿಗೆ ಆಗುತ್ತಲೇ ಇರಲಿಲ್ಲ. ಕೆಳಗೆ ಬಿದ್ದ ಸೂಜಿಯನ್ನು ನೋಡಿದರೆ ಅಣ್ಣನ ಬೂಟು ಕಾಣುತ್ತಿತ್ತು. ಹೆಂಡತಿಗೆ ಹೇಳೋಣವೆಂದರೆ, ಹೇಳುವ ಅಭ್ಯಾಸವೇ ತಪ್ಪಿಹೋಗಿತ್ತು. ಒಂದು ದಿನ ಅರ್ಧ ರಜೆ ಹಾಕಿ, ಯಾರಿಗೂ ತಿಳಿಸದೆ, ತಾನೊಬ್ಬನೇ ವೈದ್ಯರ ಹತ್ತಿರ ಹೋದ.

ವೈದ್ಯರು ಎದೆಗೆ ತಂತಿ ಅಂಟಿಸಿ ಉದ್ದನೆಯ ಪಟ್ಟಿ ತೆಗೆದರು. ಪಟ್ಟಿಯ ಮೇಲೆ ಬೆರಳಾಡಿಸುತ್ತ, "ಅಲ್ಲಲ್ಲಿ ತಪ್ತಾ ಇದೆ. ಏನಾದ್ರೂ ತಗೋತಿದೀರಾ?" ಎಂದರು.

"ಎಣ್ಣೆ" ಎಂದ ಮೇಸ್ತ್ರಿ. ಅವರು ತಲೆಯೆತ್ತಿ ನೋಡಿದ್ದರಿಂದ, "ಮೀನೆಣ್ಣೆ. ಬೆಳಗ್ಗೆ ಒಂದು, ಮಧ್ಯಾಹ್ನ ಎರಡು" ಎಂದು ಬಿಡಿಸಿ ಹೇಳಿದ.

ಅಷ್ಟರಲ್ಲಿ ನರ್ಸು ಬಾಗಿಲಲ್ಲಿ ತಲೆ ಹಾಕಿ, ಹೊರಗೆ ಯಾರನ್ನೋ ಎತ್ತಿಕೊಂಡು ಬಂದಿದ್ದಾರೆಂದಳು. ವೈದ್ಯರು ಎದ್ದರು. ಹೊರಡುತ್ತಲೇ, ಒಂದು ಕಾಲು ಆಚೆಗಿಟ್ಟು, "ಮೊದಲು ಎಣ್ಣೆ ಬಿಡಿ. ಆಮೇಲೆ ನೋಡೋಣ. ಎರಡು ವಾರ ಬಿಟ್ಟು ಬನ್ನಿ" ಎಂದು ಹೋಗಿಬಿಟ್ಟರು.

ಮೇಸ್ತ್ರಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೂತಲ್ಲೇ ಕೂತ. ತಾನು ಇಷ್ಟು ವರ್ಷ ಹೇಳಿಕೊಂಡು ಬಂದ ಮಾತನ್ನು, ಒಂದಕ್ಷರ ಆಚೀಚೆಯಾಗದಂತೆ, ಇಷ್ಟು ಓದಿದ ಮನುಷ್ಯ ಹೇಳಿದ್ದರು. ಈ ಬಿಡು ಎಂಬ ಮಾತೇ ಅಂಥ ಪೋಲಿ ಮಾತು. ಬಿಡು ಎಂದರೆ ಸುರಿ ಎಂದೂ ಆಯಿತು, ತೊರೆ ಎಂದೂ ಆಯಿತು. ಯಾರ ಕೈಗೆ ಸಿಕ್ಕರೆ ಅವರ ಕಡೆ ವಾಲುತ್ತದೆ. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟಾಗ ಅವನಿಗೂ ಒಂದು ಗಳಿಗೆ ಅನುಮಾನ ಸುಳಿಯದೆ ಇರಲಿಲ್ಲ: ನಿಲ್ಲಿಸು ಅಂತ ಅಂದರೋ ಏನೋ? ನರ್ಸನ್ನು ಕೇಳಬಹುದಿತ್ತು. ಕೇಳಿದರೆ, ಹೌದು ನಿಲ್ಲಿಸಿ ಎಂದುಬಿಟ್ಟರೆ? ನಾಳೆ ಬೆಳಗ್ಗೆ ತಟ್ಟೆಯ ಎದುರಿಗೆ ಆ ಅಂಗೈ ಬರುವುದಿಲ್ಲ. ಅವನು ಕೇಳಲಿಲ್ಲ. ಹಿಡಿಕೆ ತಿರುಗಿಸಿ, ಮೆಟ್ಟಿಲಿಳಿದು, ಬಸ್ಸು ಹತ್ತಿದ.

ಮನೆಗೆ ಬಂದು, "ಡಾಕ್ಟ್ರ ಹತ್ರ ಹೋಗಿದ್ದೆ" ಎಂದ.

ಹೆಂಡತಿಯ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ತಾಗಿ ಟಣ್ಣೆಂದಿತು. "ಏನಂದ್ರು?"

"ಎಣ್ಣೆ ಬಿಡಿ ಅಂದ್ರು."

"ಅಷ್ಟೇನಾ? ಇನ್ನೇನೂ ಅನ್ಲಿಲ್ವಾ?"

"ಅಷ್ಟೇ. ಬಿಡು."

ಅವಳಿಗೆ ಗುಳಿಗೆ ಎಂದರೆ ಗುಳಿಗೆ. ಅದನ್ನು ಅವಳು ಒಂದು ದಿನವೂ ಎಣ್ಣೆ ಎಂದು ಕರೆದಿರಲಿಲ್ಲ. ಎಣ್ಣೆ ಎಂದರೆ ಒಲೆಯ ಪಕ್ಕ ಇರುವ ಸೀಸೆ. ಅಂದು ಸಂಜೆಯೇ ಆ ಸೀಸೆಯನ್ನು ಎತ್ತಿ ಅಟ್ಟದ ಮೇಲಿಟ್ಟಳು.

ಹೀಗೆ ಒಂದೇ ಮಾತನ್ನು ಇಬ್ಬರೂ ಶಿರಸಾವಹಿಸಿ ಪಾಲಿಸತೊಡಗಿದರು. ಅವಳು ತರಕಾರಿಯನ್ನು ಬರೀ ನೀರಲ್ಲಿ ಬೇಯಿಸಿ ಬಡಿಸಿದಳು, ಮೊಟ್ಟೆಯನ್ನು ಬರೀ ಕಾವಲಿಯ ಮೇಲೆ ಸುಟ್ಟಳು. ಅವನು ಮಧ್ಯಾಹ್ನದ ಎರಡನ್ನು ಮೂರು ಮಾಡಿದ, ಸಂಜೆ ಬಸ್ಸಿಗೆ ಮೊದಲು ಇನ್ನೆರಡು ನುಂಗಿದ. ತಟ್ಟೆಯಲ್ಲಿ ಒಣಗಿದ ತರಕಾರಿ ನೋಡಿದಾಗ ಮೇಸ್ತ್ರಿಗೆ ಅನ್ನಿಸಿದ್ದು ಒಂದೇ: ಹೇಳದೆ ಕೇಳದೆ ಒಬ್ಬನೇ ಡಾಕ್ಟರ ಹತ್ತಿರ ಹೋದದ್ದಕ್ಕೆ ಇವಳಿಗೆ ಕೋಪ ಬಂದಿದೆ. ಬೆಳಗ್ಗೆ ಅಂಗೈ ಬರುತ್ತಿದೆಯಲ್ಲ, ಅಷ್ಟು ಸಾಕು ಎಂದುಕೊಂಡು ನೀರಿನ ಜೊತೆ ನುಂಗಿದ. ಅವಳಿಗೋ, ರುಚಿಯಿಲ್ಲದ ಊಟವನ್ನು ಗಂಡ ತಕರಾರಿಲ್ಲದೆ ತಿನ್ನುವುದನ್ನು ನೋಡಿ, ಡಾಕ್ಟರು ಇನ್ನೂ ಏನೋ ದೊಡ್ಡದನ್ನೇ ಹೇಳಿರಬೇಕು, ಇವರು ಮುಚ್ಚಿಡುತ್ತಿದ್ದಾರೆ ಎಂದು ದಿಗಿಲು. ಇಬ್ಬರೂ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತ ಉಂಡರು. ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಲು ಇಬ್ಬರಿಗೂ ಏನು ಧಾಡಿಯೋ.

ಎಣ್ಣೆ ಹೆಚ್ಚಿದಂತೆ ಎದೆ ನೆಟ್ಟಗಾಗಬೇಕಿತ್ತು. ಆಗಲಿಲ್ಲ. ಹೊಲಿಗೆ ಇನ್ನೂ ಹೆಚ್ಚು ತಪ್ಪತೊಡಗಿತು. ಮೇಸ್ತ್ರಿ ಗಳಿಗೆಗೊಮ್ಮೆ ಕತ್ತಿನ ಬದಿ ಬೆರಳೊತ್ತಿ ನೋಡಿಕೊಳ್ಳುವನು. ಹಳೆಯ ತುಕ್ಕು ಕರಗುವಾಗ ಯಂತ್ರ ಮೊದಲು ಸದ್ದು ಮಾಡಿಯೇ ಮಾಡುತ್ತದೆ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಳ್ಳುವನು. ಕತ್ತರಿಸುವ ವಿಭಾಗದ ಕಟಿಂಗ್ ಮಾಸ್ಟರು, ಬಾಯಿ ತುಂಬ ಮಾತಿನವನು, ಒಂದು ದಿನ ಅವನ ಸಪ್ಪೆ ಮೋರೆ ನೋಡಿ ಹತ್ತಿರ ಬಂದ.

"ಏನ್ ಮೇಸ್ತ್ರಿ, ಮುಖ ಹಿಂಗಿದೆ? ಡಾಕ್ಟ್ರಿಗೆ ತೋರಿಸಿದ್ರಾ? ಏನಂದ್ರು?"

"ಎಣ್ಣೆ ಬಿಡಿ ಅಂದ್ರು."

ಮಾಸ್ಟರು ಕತ್ತರಿ ಕೆಳಗಿಟ್ಟು ಕಣ್ಣರಳಿಸಿದ. "ಅಂದ್ರೆ ನೀವು ಹಾಕ್ತಿದ್ರಾ? ಕಳ್ಳ. ನಾನು ಇಷ್ಟು ವರ್ಷ ಕರೆದ್ರೂ ಒಂದಿನ ಜೊತೆಗೆ ಬರ್ಲಿಲ್ಲ. ಮನೇಲಿ ಒಬ್ರೇ ಕೂತ್ಕೊಂಡು ಕುಡೀತಿದ್ರಾ?"

"ಅದಲ್ವೋ. ಮೀನೆಣ್ಣೆ. ಬಿಡಿ ಅಂದ್ರು, ಬಿಡ್ತಾ ಇದೀನಿ."

"ಬಿಡೋಕೆ ಕಷ್ಟ ಕಣ್ರೀ" ಎಂದು ಮಾಸ್ಟರು ತನ್ನ ಅನುಭವ ಹೇಳಲು ಶುರು ಮಾಡಿದ. ಮೇಸ್ತ್ರಿಗೆ ಕಿವಿಯಲ್ಲಿ ಏನೋ ಚುಚ್ಚಿದಂತಾಯಿತು. ಮಾಸ್ಟರ ಬಾಯಲ್ಲಿ ಆ ಬಿಡುವುದು ಬೇರೆ ಕಡೆ ತಿರುಗಿತ್ತು. ಆದರೆ ಅಷ್ಟರಲ್ಲಿ ಸಾಲಿನಿಂದ ಯಾರೋ ಕೈಯೆತ್ತಿದರು, ಅವನು ಮೊದಲು ಎಣ್ಣೆ ಬಿಡಿ ಎನ್ನುತ್ತ ಅತ್ತ ನಡೆದ.

ಅದೇ ವಾರ, ಸಾಮಾನು ಸಾಗಿಸುವ ಗಡಿಬಿಡಿಯ ಒಂದು ಮಧ್ಯಾಹ್ನ, ಎದೆ ಹದ್ದು ಮೀರಿತು. ತಪ್ಪುವುದಲ್ಲ, ಈಗ ಓಡುವುದೇ ಓಡುವುದು, ಹಲ್ಲು ಕಳಚಿದ ಚಕ್ರ ಗರಗರ ತಿರುಗಿದಂತೆ. ಮೇಸ್ತ್ರಿ ಬಟ್ಟೆ ಮೂಟೆಯ ಮೇಲೆ ಕುಸಿದು ಕೂತ. ಸುತ್ತಲೂ ಯಂತ್ರಗಳು ಒಂದೇ ಸಮನೆ ಓಡುತ್ತಿದ್ದವು, ತನ್ನದೊಂದನ್ನು ಬಿಟ್ಟು. ಯಾರೋ ನೀರು ತಂದರು. ಅವನ ಕಣ್ಣು ಕಾಲಿನ ಚಪ್ಪಲಿಯ ಮೇಲೆ ನೆಟ್ಟಿತ್ತು. ದಾರವಿಲ್ಲ, ದಾರವಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿಗೆ ಎದೆ ತಾನಾಗಿ ಇಳಿಯಿತು. ಆಸ್ಪತ್ರೆಗೆ ಹೋಗೋಣ ಎಂದವರಿಗೆ ಬಿಡಿ ಬಿಡಿ ಎಂದು ಕೈಯಾಡಿಸಿದ. ಮೇಜಿನ ಡ್ರಾಯರು ಎಳೆದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಬೇಗ ಮನೆಗೆ ಹೊರಟ. ಇವತ್ತು ಎಣ್ಣೆ ಸಾಲದೆ ಹೀಗಾಗಿದೆ, ಮನೆಯಲ್ಲೂ ಬೇಕಾದೀತು ಎಂಬುದು ಅವನ ಲೆಕ್ಕ.

ಹೆಂಡತಿಯೂ ಅಂದು ಬೇಗ ಬಂದಿದ್ದಳು. ಇನ್ನೂ ಹೊರಗೆ ಬೆಳಕಿತ್ತು. ಅವನ ಮುಖ ನೋಡಿ ಏನೂ ಕೇಳದೆ ತಟ್ಟೆ ಹಾಕಿದಳು. ತಟ್ಟೆಯಲ್ಲಿ ಬೆಂದ ಹೂಕೋಸು, ಬಿಳಿಚಿಕೊಂಡು, ಅವನಂತೆಯೇ. ಒಂದು ತುತ್ತು ಬಾಯಿಗಿಟ್ಟ. ಇನ್ನೊಂದನ್ನು ಕೈಗೆತ್ತಿಕೊಂಡ. ಅಂಜಿಕೆ, ಸಿಟ್ಟು, ಹಸಿವು ಎಲ್ಲ ಒಟ್ಟಿಗೆ ಮೇಲೆ ಬಂದು, ಎಷ್ಟೋ ದಿನದಿಂದ ಕೇಳದ ಪ್ರಶ್ನೆಯನ್ನು ಕೇಳಿಯೇ ಬಿಟ್ಟ.

"ಯಾಕೆ ಹಿಂಗೆ ಮಾಡ್ತಿದೀಯ? ಕೋಪ ಇದ್ರೆ ಬೈದು ಮುಗಿಸು. ಒಂದು ತೊಟ್ಟು ಎಣ್ಣೆ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಅವಳು ತಬ್ಬಿಬ್ಬಾಗಿ ನೋಡಿದಳು. "ನೀವೇ ಬಂದು ಹೇಳಿದ್ರಲ್ಲ, ಡಾಕ್ಟ್ರು ಎಣ್ಣೆ ಬಿಡಿ ಅಂದ್ರು ಅಂತ. ಅದಕ್ಕೇ ಬಿಟ್ಟಿದೀನಿ. ನಾನೂ ಇದನ್ನೇ ತಿಂತಿಲ್ವಾ?"

"ಬಿಡಿ ಅಂದ್ರೆ…" ಎಂದವನು ಅರ್ಧಕ್ಕೆ ನಿಂತ.

"ಬಿಡಿ ಅಂದ್ರೆ ಇನ್ನೇನು? ಹಾಕ್ಬೇಡಿ ಅಂತ."

ಮೇಸ್ತ್ರಿಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ವೈದ್ಯರು ಬಾಗಿಲ ಹೊರಗೆ ಒಂದು ಕಾಲಿಟ್ಟು ಹೇಳಿದ ಮಾತು, ಮಾಸ್ಟರು ಹೇಳಿದ ಮಾತು, ಈಗ ಇವಳ ಮಾತು, ಮೂರೂ ಒಂದೇ ಕಡೆ ಮುಖ ಮಾಡಿದ್ದವು. ತಾನೊಬ್ಬನೇ ಡಬ್ಬಿ ಹಿಡಿದು ಇನ್ನೊಂದು ಕಡೆ ಓಡುತ್ತಿದ್ದ.

"ಏನಾಯ್ತು? ಯಾಕೆ ಹಂಗೆ ಕೂತ್ರಿ?" ಎಂದಳು ಅವಳು.

ಬಿಡು ಎಂಬ ಮಾತು ಅವನ ನಾಲಗೆಯ ತುದಿಗೆ ಬಂದು ನಿಂತಿತ್ತು. ಬಹಳ ಸುಲಭದ ಮಾತು. ಡಬ್ಬಿಯನ್ನು ನಾಳೆ ಗೇಟಿನ ಕಸದ ಡಬ್ಬಕ್ಕೆ ಎಸೆದರೆ ಯಾರಿಗೂ ಗೊತ್ತಾಗುವುದಿಲ್ಲ. ಬೆಳಗಿನ ಒಂದನ್ನು ಅವಳ ಕೈಯಿಂದ ನುಂಗುತ್ತಾ ಹೋಗಬಹುದು. ಅದೊಂದರಿಂದ ಏನಾದೀತು? ಏನಾದೀತೋ ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ, ಮತ್ತು ಆ ಗೊತ್ತಿಲ್ಲದಿರುವುದು ಅವನಿಗೆ ಹಿಂದೆಂದೂ ಇಷ್ಟು ಭಯ ಹುಟ್ಟಿಸಿರಲಿಲ್ಲ. ಅವನು ಚೀಲಕ್ಕೆ ಕೈಹಾಕಿ ಡಬ್ಬಿ ತೆಗೆದು ತಟ್ಟೆಯ ಪಕ್ಕ ಇಟ್ಟ. "ನಂದೂ ಒಂದು ಡಬ್ಬಿ ಇದೆ" ಎಂದ.

ಹೆಂಡತಿ ಡಬ್ಬಿ ತಿರುಗಿಸಿ ಬೆನ್ನು ಓದಿದಳು. ಅಲ್ಲಾಡಿಸಿ ನೋಡಿದಳು, ಮುಕ್ಕಾಲು ಖಾಲಿ. ಅವಳ ಮುಖ ಬಿಳಿಚಿತು, ಆದರೆ ದನಿ, ಅದೇನು ವಿದ್ಯೆಯೋ, ಇದ್ದಕ್ಕಿದ್ದಂತೆ ಆಫೀಸಿನ ದನಿಯಾಯಿತು. ಕುರ್ಚಿ ಎಳೆದುಕೊಂಡು ಕೂತು, "ದಯವಿಟ್ಟು ಮೊದಲಿಂದ ಹೇಳಿ" ಎಂದಳು.

ಅವನು ಮೊದಲಿಂದ ಹೇಳಿದ. ಗೇಟಿನ ಎದುರಿನ ಅಂಗಡಿ, ತಪ್ಪಿದ ಹೊಲಿಗೆ, ಬಸ್ಸಿನ ಬಾಗಿಲು, ವೈದ್ಯರ ಮಾತು, ಹೊರಡುವಾಗ ಸುಳಿದ ಅನುಮಾನ, ಇವತ್ತಿನ ಬಟ್ಟೆ ಮೂಟೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಕೇಳಿ ಮುಗಿದ ಮೇಲೆ ಫೋನು ಎತ್ತಿಕೊಂಡು ಆಸ್ಪತ್ರೆಗೆ ಮಾಡಿದಳು. ಅತ್ತಲಿಂದ ಹಾಡು ಶುರುವಾಯಿತು. ಅವಳು ಇಟ್ಟು, ಮತ್ತೆ ಮಾಡಿ, "ನಾನೂ ನಿಮ್ಮ ಥರಾನೇ ಫೋನಿನ ಕೆಲಸದವಳಮ್ಮ. ಹಾಡು ಹಾಕ್ಬೇಡ, ಡಾಕ್ಟ್ರಿಗೆ ಕೊಡು" ಎಂದಳು. ವೈದ್ಯರು ಸಿಕ್ಕರು. ಎದೆನೋವು ಇದೆಯೇ, ಉಸಿರು ಕಟ್ಟುತ್ತಿದೆಯೇ, ತಲೆ ಸುತ್ತುತ್ತಿದೆಯೇ ಎಂದು ಕೇಳಿದರು. ಇವಳು ಒಂದೊಂದನ್ನೂ ಗಂಡನನ್ನು ಕೇಳಿ ಇಲ್ಲ ಎಂದಳು.

"ಅವರಿಗೆ ಅವತ್ತೇ ಹೇಳಿದ್ದೆನಲ್ಲಮ್ಮ, ನಿಲ್ಲಿಸಿ ಅಂತ" ಎಂದರು ವೈದ್ಯರು. ಅವರ ದನಿ ಫೋನಿನಾಚೆ ಮೇಸ್ತ್ರಿಗೂ ಕೇಳುತ್ತಿತ್ತು.

"ಸರ್, ನೀವು ನಿಲ್ಲಿಸಿ ಅಂದ್ರಾ, ಬಿಡಿ ಅಂದ್ರಾ?"

"ಎರಡೂ ಒಂದೇ ಅಲ್ವಾ?"

"ನಮ್ಮನೇಲಿ ಅಲ್ಲ ಸರ್" ಎಂದಳು ಅವಳು.

ಎಲ್ಲ ಗುಳಿಗೆಯನ್ನೂ ಈಗಿಂದೀಗಲೇ ನಿಲ್ಲಿಸಬೇಕು, ನಾಳೆ ಬೆಳಗ್ಗೆ ಮೊದಲು ಬಂದು ತೋರಿಸಬೇಕು, ನಡುವೆ ನೋವೋ ಉಸಿರಾಟದ ತೊಂದರೆಯೋ ಕಂಡರೆ ಬೆಳಗಿನವರೆಗೆ ಕಾಯದೆ ಬರಬೇಕು ಎಂದರು. ಹೆಚ್ಚು ತಗೊಂಡರೆ ಕೆಲವರಿಗೆ ಬಡಿತ ಹೀಗೆ ಹದ ತಪ್ಪುವುದುಂಟು. ಇವರದ್ದು ಅದರಿಂದಲೋ ಬೇರೆಯದರಿಂದಲೋ, ನೋಡದೆ ಹೇಳಲಾಗದು ಎಂದರು.

ಫೋನು ಇಟ್ಟ ಮೇಲೆ ಅವಳ ಆಫೀಸಿನ ದನಿ ಒಡೆದುಹೋಯಿತು. ತಾನು ತಂದ ಡಬ್ಬಿಯನ್ನು ಕಪಾಟಿನಿಂದ ತೆಗೆದು ಅವನ ಡಬ್ಬಿಯ ಪಕ್ಕ ಇಟ್ಟು, "ಆ ಫೋನಿನ ಹುಡುಗಿ ಡಾಕ್ಟ್ರನ್ನ ಕೇಳಿ ಅಂತ ಹೇಳಿದ್ಲು. ನಾನು ಕೇಳ್ಲಿಲ್ಲ. ನನ್ನ ಕೈಯಾರೆ ಕೊಟ್ಟೆ" ಎಂದು ಅತ್ತಳು.

"ನೀನು ಕೊಟ್ಟಿದ್ದು ಒಂದೇ ಕಣೆ. ಮಿಕ್ಕಿದ್ದು ನಾನೇ ತಿಂದಿದ್ದು."

"ಯಾಕೆ ತಿಂದ್ರಿ? ಅನುಮಾನ ಬಂದಿತ್ತು ಅಂತೀರಿ. ಮತ್ಯಾಕೆ ಕೇಳ್ಲಿಲ್ಲ?"

ಮೇಸ್ತ್ರಿ ಮೇಜಿನ ಮೇಲಿನ ಅವಳ ಕೈ ನೋಡಿದ. ಹೇಳಲು ನಾಚಿಕೆ ಎನ್ನಿಸಿತು, ಈ ವಯಸ್ಸಿಗೆ. ಆದರೂ ಹೇಳಿದ. "ನಿಲ್ಲಿಸು ಅಂತ ಗೊತ್ತಾದ್ರೆ ನೀನು ಬೆಳಗ್ಗೆ ಬರಲ್ಲ ಅನ್ನಿಸ್ತು. ಅಂಗೈ ಮೇಲೆ ಇಟ್ಕೊಂಡು ಬರ್ತಿದ್ಯಲ್ಲ, ಅದು."

ಅವಳು ಎದ್ದುಹೋಗಿ, ಅಟ್ಟದಿಂದ ಎಣ್ಣೆಯ ಸೀಸೆ ಇಳಿಸಿ, ಎರಡು ಮೊಟ್ಟೆ ಒಡೆದು ಹಾಕಿದಳು. ಬಡಿಸುವಾಗಲೂ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮರುದಿನ ಬೆಳಗ್ಗೆ ಆಸ್ಪತ್ರೆಗೆ ಹೊರಡುವ ಮೊದಲು ಅವನು ಎಂದಿನ ಜಾಗದಲ್ಲಿ ಕೂತ. ಎದೆ ಇನ್ನೂ ಅಲ್ಲಲ್ಲಿ ತಪ್ಪುತ್ತಿತ್ತು. ಅಲ್ಲಿ ಏನು ಹೇಳುತ್ತಾರೋ ಎಂದು ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಅವಳು ಒಳಗಿನಿಂದ ಬಂದಳು, ಕೈ ಮುಂದೆ ಚಾಚಿತ್ತು. ಅಭ್ಯಾಸಬಲ. ಅಂಗೈ ಖಾಲಿ ಇತ್ತು. ಇಬ್ಬರೂ ಆ ಖಾಲಿ ಅಂಗೈಯನ್ನು ನೋಡಿದರು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು, ಅವನ ಮಣಿಕಟ್ಟು ಹಿಡಿದು, ಎರಡು ಬೆರಳು ಒತ್ತಿ, ಗೋಡೆಯ ಗಡಿಯಾರದ ಕಡೆ ತಿರುಗಿದಳು.

"ಏನ್ ಮಾಡ್ತಿದೀಯ?"

"ಡಾಕ್ಟ್ರು ಕೇಳ್ತಾರೆ. ಎಣಿಸ್ತಿದೀನಿ. ಮಾತಾಡ್ಬೇಡಿ, ಲೆಕ್ಕ ತಪ್ಪುತ್ತೆ."

ಅವಳ ತುಟಿ ಸದ್ದಿಲ್ಲದೆ ಅಂಕಿ ಹೇಳುತ್ತಿತ್ತು. ಮೂಲೆಯಲ್ಲಿ ಧೂಳು ಹಿಡಿದ ದಾರದ ಬೂಟು ಅವನ ಕಣ್ಣಿಗೆ ಬಿತ್ತು.

"ಅವತ್ತು ಅಣ್ಣಂದು ಇನ್ನೊಂದು ಬೂಟು ಬಿಚ್ಚೇ ಇತ್ತಲ್ಲ" ಎಂದ ಮೇಸ್ತ್ರಿ. "ಅದರ ದಾರ ನಾನು ಕಟ್ಟಿದೆ. ಯಾರೂ ಬರೋಕೆ ಮುಂಚೆ. ಬಿಗಿಯಾಯ್ತೇನೋ ಅಂತ ಬಿಚ್ಚಿ, ಸಡಿಲ ಮಾಡಿ, ಮತ್ತೆ ಕಟ್ಟಿದೆ."

ಅವಳ ತುಟಿ ನಿಂತಿತು. ಬೆರಳು ಮಾತ್ರ ಅಲ್ಲೇ ಇತ್ತು.

"ಆಮೇಲೆ?" ಎಂದಳು.

ಅವನು ಹೇಳತೊಡಗಿದ. ಅವಳು ಒಂದರಿಂದ ಮತ್ತೆ ಎಣಿಸಲು ಶುರು ಮಾಡಿದಳು, ಮತ್ತೆ ತಪ್ಪಿದಳು.